ಐಎಲ್-2 ಇಲ್ಲದ ಇಲಿಯಲ್ಲಿ ರೋಗನಿರೋಧಕ ಶಕ್ತಿ ಕುಗ್ಗುವ ಬದಲು ಕೆರಳುವುದೇಕೆ? ಸಹಾಯಕ ಟಿ ಕೋಶಗಳ ಸಂಕೇತವಾಹಕ ಪ್ರೋಟೀನ್‌ಗಳ ಬಗ್ಗೆ ಒಂದು ಚರ್ಚೆ

ಜೀವಶಾಸ್ತ್ರ ಉಪನ್ಯಾಸಕಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪದವಿಗೆ ಬಂದ ವಿದ್ಯಾರ್ಥಿಗಳಿಗಾಗಿ ರೋಗನಿರೋಧಕ ವ್ಯವಸ್ಥೆಯ ಕುರಿತು ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಇಂಟರ್‌ಲ್ಯೂಕಿನ್-2, ಅಂದರೆ ಐಎಲ್-2, ಟಿ ಕೋಶಗಳನ್ನು, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕೋಶಗಳನ್ನು, ಬೆಳೆಸುವ ಅಂಶ ಎಂದು ಬರೆದೆ. 1976ರಲ್ಲಿ ಅದು ಮೊದಲು ಗುರುತಾದದ್ದೂ ಮನುಷ್ಯನ ಟಿ ಕೋಶಗಳನ್ನು ಪ್ರಯೋಗಾಲಯದಲ್ಲಿ ದೀರ್ಘಕಾಲ ಬೆಳೆಸಬಲ್ಲ ವಸ್ತುವೆಂದೇ. ಪಾಠ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ, ಹಾಗಾದರೆ ಆ ಜೀನ್ ತೆಗೆದ ಇಲಿಗೆ ಟಿ ಕೋಶಗಳೇ ಇರಬಾರದಲ್ಲವೇ, ಅದು ಸೋಂಕಿನಿಂದ ಸಾಯಬೇಕಲ್ಲವೇ ಎಂದು ಕೇಳಿದಳು. ಹೌದೆನ್ನುವ ಮೊದಲು ಓದಿ ನೋಡಿದೆ. 1991ರಲ್ಲಿ ಅಂಥ ಇಲಿಯನ್ನು ಸೃಷ್ಟಿಸಿದಾಗ ಅದರ ಥೈಮಸ್ ಗ್ರಂಥಿಯಲ್ಲಿ ಟಿ ಕೋಶಗಳು ಸಹಜವಾಗಿಯೇ ರೂಪುಗೊಂಡಿದ್ದವಂತೆ. ಎರಡು ವರ್ಷದ ನಂತರ ಪ್ರಕಟವಾದ ಅಧ್ಯಯನದಲ್ಲಿ ಸುಮಾರು ಅರ್ಧದಷ್ಟು ಇಲಿಗಳು ಒಂಬತ್ತು ವಾರದೊಳಗೆ ಸತ್ತವು, ಉಳಿದವುಗಳ ದೊಡ್ಡ ಕರುಳು ಉರಿಯೂತದಿಂದ ಹಾಳಾಯಿತು. ಬೆಳವಣಿಗೆಯ ಅಂಶವನ್ನು ಕಿತ್ತುಹಾಕಿದರೆ ಕೋಶಗಳ ಆರ್ಭಟ ಹೆಚ್ಚುವುದು ಹೇಗೆ? ವಿದ್ಯಾರ್ಥಿನಿಗೆ ನಾಳೆ ಹೇಳುತ್ತೇನೆ ಎಂದು ಹೇಳಿ ನಾಲ್ಕು ದಿನವಾಗಿದೆ.

ಪ್ರಯೋಗಾಲಯದಿಂದ:

ಮೇಡಂ, ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆ ಈ ವಿಷಯದ ನಡುಗಂಬವನ್ನೇ ಮುಟ್ಟಿದೆ. ನಾನು ಟಿ ಕೋಶಗಳ ಮೇಲೆ ಸಂಶೋಧನೆ ಮಾಡುತ್ತಿರುವ ವಿದ್ಯಾರ್ಥಿ, ತಿಳಿದಷ್ಟನ್ನು ಬರೆಯುತ್ತೇನೆ.

ಐಎಲ್-2 ಕೋಶದೊಳಗೆ ಹೋಗಿ ಕೆಲಸ ಮಾಡುವುದಿಲ್ಲ. ಕೋಶದ ಹೊರಪೊರೆಯಲ್ಲಿ ಮೂರು ತುಂಡುಗಳ ಒಂದು ಗ್ರಾಹಕವಿದೆ, ಅದಕ್ಕೆ ಐಎಲ್-2 ಬಂದು ಕೂರುತ್ತದೆ. ಗ್ರಾಹಕದ ಒಳಬಾಲಗಳಿಗೆ ಜ್ಯಾಕ್-1 ಮತ್ತು ಜ್ಯಾಕ್-3 ಎಂಬ ಕಿಣ್ವಗಳು ಮೊದಲೇ ಅಂಟಿಕೊಂಡಿರುತ್ತವೆ. ಬಾಲಗಳು ಹತ್ತಿರ ಬಂದೊಡನೆ ಈ ಕಿಣ್ವಗಳು ಒಂದಕ್ಕೊಂದು ಫಾಸ್ಫೇಟ್ ಹಚ್ಚಿ ಎಚ್ಚರಗೊಳ್ಳುತ್ತವೆ, ಆಮೇಲೆ ಸ್ಟ್ಯಾಟ್-5 ಎಂಬ ಪ್ರೋಟೀನಿಗೂ ಫಾಸ್ಫೇಟ್ ಹಚ್ಚುತ್ತವೆ. ಹಾಗೆ ಗುರುತು ಬಿದ್ದ ಎರಡು ಸ್ಟ್ಯಾಟ್‌ಗಳು ಜೋಡಿಯಾಗಿ ಕೋಶಕೇಂದ್ರಕ್ಕೆ ನಡೆದು ನೇರವಾಗಿ ಡಿಎನ್‌ಎ ಮೇಲೆ ಕೂರುತ್ತವೆ. ಹೊರಗಿನ ಸುದ್ದಿ ಜೀನ್ ತಲುಪಲು ನಡುವೆ ಇಷ್ಟೇ ಮಂದಿ ಸಾಕಾಗುವುದು ನನಗೆ ಇಂದಿಗೂ ಆಶ್ಚರ್ಯವೆನಿಸುತ್ತದೆ. ಸಸ್ತನಿಗಳಲ್ಲಿ ಜ್ಯಾಕ್‌ಗಳು ನಾಲ್ಕೇ, ಸ್ಟ್ಯಾಟ್‌ಗಳು ಏಳೇ. ಐಎಲ್-2ರಂಥ ಹತ್ತಾರು ಸಂಕೇತವಾಹಕ ಪ್ರೋಟೀನ್‌ಗಳು, ಅಂದರೆ ಸೈಟೋಕೈನ್‌ಗಳು, ಇವನ್ನೇ ಬೇರೆ ಬೇರೆ ಜೋಡಣೆಯಲ್ಲಿ ಬಳಸಿಕೊಳ್ಳುತ್ತವೆ.

ಈಗ ಪ್ರಶ್ನೆಗೆ ಬರುತ್ತೇನೆ. ಗ್ರಾಹಕದ ಮೂರು ತುಂಡುಗಳಲ್ಲಿ ಸಿಡಿ25 ಎಂಬ ತುಂಡು ಇದ್ದರೆ ಮಾತ್ರ ಅತ್ಯಲ್ಪ ಪ್ರಮಾಣದ ಐಎಲ್-2 ಕೂಡ ಬಿಗಿಯಾಗಿ ಹಿಡಿತಕ್ಕೆ ಸಿಗುತ್ತದೆ. ಉಳಿದ ರೋಗನಿರೋಧಕ ಕೋಶಗಳಿಗೆ ಸೈಟೋಕೈನ್ ಮೂಲಕ ನೆರವಾಗುವ ಸಾಮಾನ್ಯ ಸಹಾಯಕ ಟಿ ಕೋಶದ ಮೇಲೆ ಅದು ಪ್ರಚೋದನೆ ಬಂದ ಬಳಿಕವಷ್ಟೇ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಆದರೆ ಸಹಾಯಕ ಕೋಶಗಳ ಬಳಗದಲ್ಲೇ ಒಂದು ಪುಟ್ಟ ಗುಂಪು ಸಿಡಿ25 ಅನ್ನು ಸದಾ ತುಂಬಿಕೊಂಡಿರುತ್ತದೆ. ಅವೇ ನಿಯಂತ್ರಕ ಟಿ ಕೋಶಗಳು, ಉಳಿದ ಟಿ ಕೋಶಗಳು ಮಿತಿಮೀರದಂತೆ ತಡೆಯುವವು. ಇವುಗಳ ಗುರುತಿನ ಪ್ರೋಟೀನ್ ಫಾಕ್ಸ್‌ಪಿ3. ಐಎಲ್-2ರ ಸಂಕೇತ ಹೊತ್ತ ಸ್ಟ್ಯಾಟ್-5 ಆ ಫಾಕ್ಸ್‌ಪಿ3 ಜೀನಿನ ಮೇಲೆಯೇ ಕುಳಿತು ಅದನ್ನು ಚಾಲೂ ಇಡುತ್ತದೆ. ವಿಚಿತ್ರವೆಂದರೆ ನಿಯಂತ್ರಕ ಕೋಶಗಳು ಐಎಲ್-2 ಅನ್ನು ತಾವಾಗಿ ತಯಾರಿಸುವುದಿಲ್ಲ, ನೆರೆಯ ಸಹಾಯಕ ಕೋಶಗಳು ಸುರಿಸಿದ್ದನ್ನೇ ಹೀರಿಕೊಂಡು ಬದುಕುತ್ತವೆ. ಹಾಗಾಗಿ ಐಎಲ್-2 ಇಲ್ಲವಾದಾಗ ಮೊದಲು ನಲುಗುವವು ಇವೇ. ಸಾಮಾನ್ಯ ಟಿ ಕೋಶಗಳು ಐಎಲ್-7, ಐಎಲ್-15 ಮುಂತಾದ ಬೇರೆ ಸೈಟೋಕೈನ್‌ಗಳ ನೆರವಿನಿಂದ ಹೇಗೋ ನಡೆಸಿಕೊಂಡು ಹೋಗುತ್ತವೆ, ತಡೆಯುವವರಿಲ್ಲದೆ ಕೆರಳುತ್ತವೆ.

ನಾವು ಇದನ್ನು ಕಣ್ಣಾರೆ ನೋಡುವ ಬಗೆಯನ್ನೂ ಹೇಳುತ್ತೇನೆ, ತರಗತಿಯಲ್ಲಿ ಉಪಯೋಗಕ್ಕೆ ಬರಬಹುದು. ಇಲಿಯ ಗುಲ್ಮವನ್ನು ಸಣ್ಣ ಜಾಲರಿಯ ಮೇಲೆ ಉಜ್ಜಿ ಕೋಶಗಳನ್ನು ಬಿಡಿಬಿಡಿಯಾಗಿಸಿ, ಐಎಲ್-2 ಬೆರೆಸಿ 37 ಡಿಗ್ರಿಯಲ್ಲಿ 15 ನಿಮಿಷ ಇಟ್ಟು, ಫಾರ್ಮಾಲ್ಡಿಹೈಡ್ ಹಾಕಿ ಇದ್ದ ಸ್ಥಿತಿಯಲ್ಲೇ ಸ್ಥಿರಗೊಳಿಸುತ್ತೇವೆ. ಅನಂತರ ತಣ್ಣನೆಯ ಮೆಥನಾಲ್‌ನಿಂದ ಪೊರೆಯನ್ನು ಸಡಿಲಿಸಿ, ಫಾಸ್ಫೇಟ್ ಹಚ್ಚಿದ ಸ್ಟ್ಯಾಟ್-5ಕ್ಕೆ ಮಾತ್ರ ಅಂಟುವ ಬಣ್ಣದ ಪ್ರತಿಕಾಯವನ್ನು ಸೇರಿಸಿ, ಫ್ಲೋ ಸೈಟೋಮೀಟರ್ ಮೂಲಕ ಕೋಶಗಳನ್ನು ಒಂದೊಂದಾಗಿ ಹಾಯಿಸುತ್ತೇವೆ. ಐಎಲ್-2 ತೀರಾ ಕಡಿಮೆಯಿದ್ದಾಗ ಪರದೆಯ ಮೇಲೆ ಫಾಕ್ಸ್‌ಪಿ3 ಇರುವ ಕೋಶಗಳ ದಿಬ್ಬವೊಂದೇ ಬಲಕ್ಕೆ, ಅಂದರೆ ಹೆಚ್ಚು ಬಣ್ಣದ ಕಡೆಗೆ, ಸರಿಯುತ್ತದೆ, ಉಳಿದ ಸಿಡಿ4 (ಸಹಾಯಕ) ಕೋಶಗಳ ದಿಬ್ಬ ಇದ್ದಲ್ಲೇ ಇರುತ್ತದೆ. ಪ್ರಮಾಣವನ್ನು ಹೆಚ್ಚಿಸುತ್ತ ಹೋದ ಹಾಗೆ ಎರಡನೆಯ ದಿಬ್ಬವೂ ಕದಲತೊಡಗುತ್ತದೆ. ಮೊದಲ ಸಲ ಇದನ್ನು ನೋಡಿದ ದಿನ ನಿಮ್ಮ ವಿದ್ಯಾರ್ಥಿನಿಯದೇ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿತ್ತು.

ಇದೇ ಕಾರಣಕ್ಕೆ ಒಂದೇ ಐಎಲ್-2 ಎರಡು ತದ್ವಿರುದ್ಧ ಚಿಕಿತ್ಸೆಗಳಾಗಿದೆ. ದೊಡ್ಡ ಪ್ರಮಾಣದಲ್ಲಿ ಅದನ್ನು ಹರಡಿದ ಮೂತ್ರಪಿಂಡದ ಕ್ಯಾನ್ಸರ್‌ಗೆ, ಟಿ ಕೋಶಗಳನ್ನು ಕೆರಳಿಸಲೆಂದು, ಅಮೆರಿಕದಲ್ಲಿ 1992ರಲ್ಲಿ ಅನುಮೋದಿಸಿದರು. ತೀರಾ ಕಡಿಮೆ ಪ್ರಮಾಣದಲ್ಲಿ ಕೊಟ್ಟರೆ ನಿಯಂತ್ರಕ ಕೋಶಗಳೇ ಹೆಚ್ಚಿ, ಅಸ್ಥಿಮಜ್ಜೆ ಕಸಿಯ ನಂತರ ದಾನಿಯ ಕೋಶಗಳು ರೋಗಿಯ ದೇಹದ ಮೇಲೇ ತಿರುಗಿಬೀಳುವ ತೊಂದರೆ ಕೆಲವರಲ್ಲಿ ತಗ್ಗಿತೆಂದು 2011ರಲ್ಲಿ ವರದಿಯಾಯಿತು.

ಜೀವಶಾಸ್ತ್ರ ಉಪನ್ಯಾಸಕಿ:

ತುಂಬಾ ಧನ್ಯವಾದಗಳು. ಇದನ್ನು ನಾನು ತಲೆಕೆಳಗಾಗಿ ಅರ್ಥ ಮಾಡಿಕೊಂಡಿದ್ದೆ. ಇನ್ನೊಂದು ಸಂದೇಹವಿದೆ. ಸಹಾಯಕ ಕೋಶ ಸಹಾಯಕ ಕೋಶವೇ ಆಗಬೇಕು, ಅದರಲ್ಲೂ ಇಂಥದೇ ಬಗೆಯದಾಗಬೇಕು ಎಂಬ ತೀರ್ಮಾನ ಎಲ್ಲಿ ಆಗುತ್ತದೆ? ಥೈಮಸ್‌ನಲ್ಲಿಯೇ, ಹೊರಗೆ ಬಂದ ಮೇಲೆಯೇ? ನಮ್ಮ ಪಠ್ಯದಲ್ಲಿ ಎರಡನ್ನೂ ಒಂದೇ ಪ್ಯಾರಾದಲ್ಲಿ ಕಲಸಿಟ್ಟಿದ್ದಾರೆ.

ನಿವೃತ್ತ ಅಧ್ಯಾಪಕ:

ಎರಡು ಕಡೆಯೂ ಆಗುತ್ತದೆ, ಮತ್ತು ಎರಡನ್ನೂ ಬೇರ್ಪಡಿಸಿಯೇ ಕಲಿಸಬೇಕು.

ಎದೆಮೂಳೆಯ ಹಿಂದಿರುವ ಥೈಮಸ್‌ನಲ್ಲಿ ಎಳೆಯ ಟಿ ಕೋಶದ ಮೇಲೆ ಒಂದು ಹಂತದಲ್ಲಿ ಸಿಡಿ4, ಸಿಡಿ8 ಎಂಬ ಗುರುತಿನ ಪ್ರೋಟೀನ್‌ಗಳೆರಡೂ ಇರುತ್ತವೆ. ಅದರ ಟಿ ಕೋಶ ಗ್ರಾಹಕಕ್ಕೆ ಸುತ್ತಲಿನ ಕೋಶಗಳು ಒಡ್ಡುವ ಸ್ವಂತ ದೇಹದ ತುಣುಕುಗಳು ಎಷ್ಟು ಬಲವಾಗಿ, ಎಷ್ಟು ಹೊತ್ತು ಹೊಂದಿಕೊಳ್ಳುತ್ತವೆ ಎಂಬುದನ್ನು ಎಲ್‌ಸಿಕೆ ಮತ್ತು ಜ್ಯಾಪ್-70 ಎಂಬ ಕಿಣ್ವಗಳು ಒಳಗೆ ತಿಳಿಸುತ್ತವೆ. ಸಂಕೇತ ಬರದೇ ಹೋದರೆ ಕೋಶ ಸಾಯುತ್ತದೆ. ತೀರಾ ಬಲವಾಗಿ ಬಂದರೆ, ಇದು ಮುಂದೆ ಸ್ವಂತ ಅಂಗಾಂಶದ ಮೇಲೆ ಬೀಳಬಲ್ಲ ಕೋಶವೆಂಬ ಸೂಚನೆ, ಆಗಲೂ ಬಹುಮಟ್ಟಿಗೆ ಸಾಯುತ್ತದೆ, ಅಥವಾ ನಿಯಂತ್ರಕ ಕೋಶದ ಹಾದಿ ಹಿಡಿಯುತ್ತದೆ. ನಡುವಿನ ಅಳತೆಯಲ್ಲಿ ಸಂಕೇತ ಪಡೆದವು ಮಾತ್ರ ಉಳಿಯುತ್ತವೆ. ಉಳಿದವುಗಳಲ್ಲಿ ಸಂಕೇತ ತಡೆಯಿಲ್ಲದೆ ಮುಂದುವರಿದರೆ ತ್ಪೋಕ್ ಎಂಬ ಪ್ರೋಟೀನ್ ಎದ್ದು ಕೋಶವನ್ನು ಸಿಡಿ4 ಸಹಾಯಕ ಬಳಗಕ್ಕೆ ಸೇರಿಸುತ್ತದೆ. ಸಂಕೇತ ನಡುವೆ ಕಡಿದರೆ ರಂಕ್ಸ್-3 ಮೇಲುಗೈ ಪಡೆದು ಅದು ಸಿಡಿ8 ಕೊಲ್ಲುಕೋಶವಾಗುತ್ತದೆ. ತ್ಪೋಕ್ ಕೆಟ್ಟ ಇಲಿಗಳಲ್ಲಿ ಸಹಾಯಕ ಕೋಶಗಳಾಗಬೇಕಿದ್ದವೇ ಸಿಡಿ8 ಆಗಿಬಿಟ್ಟದ್ದನ್ನು 2005ರಲ್ಲಿ ತೋರಿಸಿದರು.

ಇಲ್ಲಿ ಒಂದು ಉದಾಹರಣೆಯನ್ನು ಬಿಡಬೇಡಿ. ಜಪಾನಿನಲ್ಲಿ ಸಂಧಿವಾತ ತಾನಾಗಿ ಬರುವ ಒಂದು ಇಲಿ ತಳಿಯಿದೆ, ಅದರ ಹೆಸರು ಎಸ್‌ಕೆಜಿ. ಅದರ ದೋಷ ಜ್ಯಾಪ್-70ರ ಒಂದೇ ಅಮೈನೊ ಆಮ್ಲದ ಬದಲಾವಣೆ ಎಂದು ಶಿಮೊನ್ ಸಕಾಗುಚಿ ಅವರ ತಂಡ 2003ರಲ್ಲಿ ಕಂಡುಕೊಂಡಿತು. ಆ ಬದಲಾವಣೆ ಸಂಕೇತವನ್ನು ದುರ್ಬಲಗೊಳಿಸುತ್ತದೆ. ದುರ್ಬಲ ಸಂಕೇತದಿಂದ ದುರ್ಬಲ ರೋಗನಿರೋಧಕ ಶಕ್ತಿ ಬರಬೇಕಿತ್ತು ಎಂದು ನಾವು ಎಣಿಸುತ್ತೇವೆ, ನಡೆದದ್ದು ಬೇರೆ. ಥೈಮಸ್‌ನಲ್ಲಿ ಸಾಯಬೇಕಾದಷ್ಟು ಬಲವಾಗಿ ಸ್ವಂತ ದೇಹವನ್ನು ಗುರುತಿಸುವ ಕೋಶಗಳ ಸಂಕೇತ ಕ್ಷೀಣವಾಗಿ ಕೇಳಿಸಿದ್ದರಿಂದ ಅವು ತೇರ್ಗಡೆಯಾಗಿ ಹೊರಗೆ ಬಂದು ಕೀಲುಗಳನ್ನು ಹಿಡಿದವು. ಮನುಷ್ಯರಲ್ಲಿ ಜ್ಯಾಪ್-70 ಪೂರ್ತಿ ಇಲ್ಲದ ಮಕ್ಕಳಿಗೆ ಮಾತ್ರ ತೀವ್ರ ರೋಗನಿರೋಧಕ ಕೊರತೆಯೇ ಬರುತ್ತದೆ. ಪೂರ್ತಿ ಇಲ್ಲದಿರುವುದಕ್ಕೂ ಸ್ವಲ್ಪ ಕಡಿಮೆಯಾಗುವುದಕ್ಕೂ ಇರುವ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಜೋಡಿಯನ್ನು ನಾನು ಕಂಡಿಲ್ಲ.

ಇನ್ನು ಥೈಮಸ್‌ನಿಂದ ಹೊರಬಂದ ಮೇಲಿನ ಕಥೆ. ದುಗ್ಧಗ್ರಂಥಿಯಲ್ಲಿ ಪ್ರತಿಜನಕವನ್ನು, ಅಂದರೆ ರೋಗಾಣುವಿನಂಥ ಹೊರವಸ್ತುವಿನ ತುಣುಕನ್ನು, ಮೊದಲ ಸಲ ಎದುರುಗೊಂಡಾಗ ಸುತ್ತ ಯಾವ ಸೈಟೋಕೈನ್ ಇದೆ ಎಂಬುದರ ಮೇಲೆ ಸಹಾಯಕ ಕೋಶದ ಮುಂದಿನ ಕಸುಬು ನಿಂತಿದೆ. 1986ರಲ್ಲಿ ಕ್ಯಾಲಿಫೋರ್ನಿಯಾದ ಡಿಎನ್‌ಎಎಕ್ಸ್ ಸಂಸ್ಥೆಯ ಟಿಮ್ ಮಾಸ್‌ಮನ್ ಮತ್ತು ರಾಬರ್ಟ್ ಕಾಫ್‌ಮನ್ ಅವರು ಇಲಿಯ ಸಹಾಯಕ ಕೋಶಗಳನ್ನು ಅವು ಸುರಿಸುವ ಸೈಟೋಕೈನ್‌ಗಳ ಆಧಾರದ ಮೇಲೆ ಟಿಎಚ್-1, ಟಿಎಚ್-2 ಎಂದು ವಿಂಗಡಿಸಿದರು. ಐಎಲ್-12 ಬಂದರೆ ಸ್ಟ್ಯಾಟ್-4 ಎದ್ದು, ಟಿ-ಬೆಟ್ ಎಂಬ ಮುಖ್ಯ ನಿಯಂತ್ರಕ ನೆಲೆಗೊಂಡು, ಕೋಶವು ಇಂಟರ್‌ಫೆರಾನ್ ಗಾಮಾ ಸುರಿಸುವ ಟಿಎಚ್-1 ಆಗುತ್ತದೆ. ಐಎಲ್-4 ಬಂದರೆ ಸ್ಟ್ಯಾಟ್-6, ಅದರ ಹಿಂದೆ ಗಾಟಾ-3, ಫಲವಾಗಿ ಹುಳುಗಳ ವಿರುದ್ಧ ಹೋರಾಡುವ, ಅಲರ್ಜಿಗೂ ಕಾರಣವಾಗುವ ಟಿಎಚ್-2. ಟಿ-ಬೆಟ್ ಗಾಟಾ-3ನ್ನು ಅಡಗಿಸುತ್ತದೆ, ಗಾಟಾ-3 ಸ್ಟ್ಯಾಟ್-4ನ್ನು ಕುಗ್ಗಿಸುತ್ತದೆ. ಹೀಗಾಗಿ ಮೊದಲು ವಾಲಿದ ಕಡೆಗೇ ತಕ್ಕಡಿ ಮತ್ತಷ್ಟು ವಾಲುತ್ತದೆ.

2005ರ ಹೊತ್ತಿಗೆ ಟಿಎಚ್-17 ಎಂಬ ಮೂರನೆಯ ಬಗೆ ಗುರುತಾಯಿತು. ಟಿಜಿಎಫ್ ಬೀಟಾ ಎಂಬ ಸೈಟೋಕೈನ್ ಒಂದೇ ಇದ್ದರೆ ಎಳೆಯ ಸಹಾಯಕ ಕೋಶ ಫಾಕ್ಸ್‌ಪಿ3 ತಳೆದು ನಿಯಂತ್ರಕವಾಗುತ್ತದೆ. ಅದೇ ಟಿಜಿಎಫ್ ಬೀಟಾ ಜೊತೆಗೆ ಐಎಲ್-6 ಸೇರಿದರೆ ಸ್ಟ್ಯಾಟ್-3 ಎದ್ದು, ರಾರ್ ಗಾಮಾ ಟಿ ಎಂಬ ಮುಖ್ಯ ನಿಯಂತ್ರಕ ಮೂಡಿ, ಐಎಲ್-17 ಸುರಿಸಿ ಉರಿಯೂತ ಹಚ್ಚುವ ಟಿಎಚ್-17 ಆಗುತ್ತದೆ. ಶಾಂತಿ ಕಾಯುವ ಕೋಶವೂ ಉರಿಯೂತದ ಕೋಶವೂ ಒಂದೇ ಕವಲಿನಿಂದ ಹೊರಡುತ್ತವೆ ಎಂಬುದನ್ನು ವಿದ್ಯಾರ್ಥಿಗಳು ಇಲ್ಲಿ ನಿಂತು ಗಮನಿಸಬೇಕು. ಐಎಲ್-2ರ ಸ್ಟ್ಯಾಟ್-5 ಈ ಕವಲಿನಲ್ಲೂ ಬರುತ್ತದೆ: ಐಎಲ್-17 ಜೀನಿನ ಮೇಲೆ ಸ್ಟ್ಯಾಟ್-3 ಕೂರುವ ಜಾಗಗಳಿಗೇ ಸ್ಟ್ಯಾಟ್-5 ಪೈಪೋಟಿ ಮಾಡುತ್ತದೆ. ಎಂದರೆ ಐಎಲ್-2 ಇಲ್ಲದ ಇಲಿಯಲ್ಲಿ ನಿಯಂತ್ರಕ ಕೋಶ ಕುಸಿಯುವುದರ ಜೊತೆಗೆ ಟಿಎಚ್-17ರ ದಾರಿಗಿದ್ದ ತಡೆಯೂ ಕಳಚಿರುತ್ತದೆ.

ಚರ್ಮವೈದ್ಯ:

ಹಿರಿಯರ ವಿವರಣೆ ಚೆನ್ನಾಗಿದೆ. ಟಿಎಚ್-1 ಒಳ್ಳೆಯದು, ಟಿಎಚ್-2 ಅಲರ್ಜಿ ತರುವ ಕೆಟ್ಟದ್ದು ಎಂಬ ಭಾವನೆ ವೈದ್ಯ ವಿದ್ಯಾರ್ಥಿಗಳಲ್ಲೂ ಇರುವುದರಿಂದ ಒಂದು ಮಾತು ಸೇರಿಸುತ್ತೇನೆ. ಈ ಸಮತೋಲನವನ್ನು ಬರಿಗಣ್ಣಿನಲ್ಲಿ ನೋಡಬೇಕಾದರೆ ಕುಷ್ಠರೋಗಿಯ ಚರ್ಮ ನೋಡಬೇಕು.

ಒಂದೇ ಬ್ಯಾಕ್ಟೀರಿಯ, ಎರಡು ರೋಗ. ಒಬ್ಬರ ಮೈಮೇಲೆ ಒಂದೋ ಎರಡೋ ಮಚ್ಚೆ: ಬಣ್ಣ ಕಳೆದುಕೊಂಡದ್ದು, ಅಂಚು ಸ್ಪಷ್ಟ, ಮೇಲ್ಮೈ ಒಣಗಿ ಒರಟು, ಕೂದಲಿಲ್ಲ, ಹತ್ತಿಯ ಎಳೆ ಸೋಕಿಸಿದರೆ ಗೊತ್ತಾಗುವುದಿಲ್ಲ. ಚರ್ಮವನ್ನು ಚೂರು ಸೀಳಿ ತೆಗೆದ ಲೇಪನದಲ್ಲಿ ಬ್ಯಾಕ್ಟೀರಿಯ ಸಾಮಾನ್ಯವಾಗಿ ಕಾಣಿಸುವುದೇ ಇಲ್ಲ. ಇನ್ನೊಬ್ಬರ ಮುಖ, ಕಿವಿಯಾಲೆ ದಪ್ಪಗಾಗಿ, ಗಂಟುಗಳೆದ್ದು, ಹುಬ್ಬಿನ ಕೂದಲು ಉದುರಿರುತ್ತದೆ. ಅವರ ಕಿವಿಯಾಲೆಯ ಲೇಪನದಲ್ಲಿ ಕೆಂಪು ಬಣ್ಣ ಹಿಡಿದ ಕಡ್ಡಿಯಾಕಾರದ ಬ್ಯಾಕ್ಟೀರಿಯಗಳು ಕಂತೆಕಂತೆಯಾಗಿ ಬಿದ್ದಿರುತ್ತವೆ. ಮೊದಲನೆಯವರ ಮಚ್ಚೆಯಲ್ಲಿ ಐಎಲ್-2 ಮತ್ತು ಇಂಟರ್‌ಫೆರಾನ್ ಗಾಮಾ ಹೆಚ್ಚಿದ್ದು, ಎರಡನೆಯವರ ಗಂಟುಗಳಲ್ಲಿ ಐಎಲ್-4, ಐಎಲ್-5, ಐಎಲ್-10 ಹೆಚ್ಚಿರುವುದನ್ನು 1991ರಲ್ಲಿ ತೋರಿಸಿದರು. ಇಂಟರ್‌ಫೆರಾನ್ ಗಾಮಾ ಬಂದರೆ ರೋಗಾಣುಗಳನ್ನು ನುಂಗುವ ಮ್ಯಾಕ್ರೋಫೇಜ್ ಕೋಶಗಳು ಸ್ಟ್ಯಾಟ್-1ರ ಮೂಲಕ ಎಚ್ಚೆತ್ತು ಒಳಗಿನ ಬ್ಯಾಕ್ಟೀರಿಯವನ್ನು ಕೊಲ್ಲುತ್ತವೆ. ಐಎಲ್-4ರ ಸನ್ನಿವೇಶದಲ್ಲಿ ಅದೇ ಮ್ಯಾಕ್ರೋಫೇಜ್ ಬ್ಯಾಕ್ಟೀರಿಯಕ್ಕೆ ಮನೆಯಾಗುತ್ತದೆ.

ಹಾಗಿದ್ದರೆ ಟಿಎಚ್-1 ಹೆಚ್ಚಾದಷ್ಟೂ ಒಳ್ಳೆಯದೇ? ಖಂಡಿತ ಅಲ್ಲ. ಚಿಕಿತ್ಸೆ ನಡೆಯುತ್ತಿರುವಾಗಲೇ ಕೆಲವರಲ್ಲಿ ಟಿಎಚ್-1 ಪ್ರತಿಕ್ರಿಯೆ ಥಟ್ಟನೆ ಏರುತ್ತದೆ. ಹಳೆಯ ಮಚ್ಚೆಗಳು ಕೆಂಪಾಗಿ ಉಬ್ಬುತ್ತವೆ, ಮೊಣಕೈ ಹಿಂದಿನ ನರ ಹಗ್ಗದ ಹಾಗೆ ದಪ್ಪಗಾಗಿ ಮುಟ್ಟಿದರೆ ನೋಯುತ್ತದೆ, ತಡಮಾಡಿದರೆ ಕೆಲವೇ ದಿನಗಳಲ್ಲಿ ಕಿರುಬೆರಳು ಮಡಚಿಕೊಳ್ಳುತ್ತದೆ. ಬ್ಯಾಕ್ಟೀರಿಯ ಸಾಯುತ್ತಿರುವ ಹೊತ್ತಿಗೇ ಕೈ ಹೋಗುತ್ತದೆ. ಆಗ ನಾವು ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಕೊಟ್ಟು ರೋಗನಿರೋಧಕ ಪ್ರತಿಕ್ರಿಯೆಯನ್ನೇ ತಗ್ಗಿಸಬೇಕಾಗುತ್ತದೆ, ಬಹುಔಷಧ ಚಿಕಿತ್ಸೆಯನ್ನು ಮಾತ್ರ ನಿಲ್ಲಿಸುವುದಿಲ್ಲ. ಇಂಥವರು ಹೊರರೋಗಿ ವಿಭಾಗಕ್ಕೆ ಒಂದು ವಾರ ಮೊದಲು ಬಂದಿದ್ದರೆ ಎಂದು ನನಗೆ ಎಷ್ಟೋ ಸಲ ಸಂಕಟವಾಗಿದೆ.

ಮಕ್ಕಳ ಪುರಾವೆಯೂ ಇದೆ. ಐಎಲ್-12ರ ಗ್ರಾಹಕವೇ ಕೆಟ್ಟಿರುವ ಅಪರೂಪದ ಮಕ್ಕಳಿಗೆ ಹುಟ್ಟಿದಾಗ ಹಾಕುವ ಬಿಸಿಜಿ ಲಸಿಕೆಯ ದುರ್ಬಲ ಬ್ಯಾಕ್ಟೀರಿಯವೇ ಹರಡಿ ರೋಗ ತರಬಹುದು, ಸಾಲ್ಮೊನೆಲ್ಲಾ ಸೋಂಕು ಮರುಕಳಿಸಬಹುದು. ಇನ್ನು ಸ್ಟ್ಯಾಟ್-3 ಕೆಟ್ಟಿರುವ ಮಕ್ಕಳಲ್ಲಿ ಟಿಎಚ್-17 ಇಲ್ಲದೆ ಬಾಯಿ, ಉಗುರುಗಳಲ್ಲಿ ಕ್ಯಾಂಡಿಡಾ ಶಿಲೀಂಧ್ರ, ಚರ್ಮ ಮತ್ತು ಶ್ವಾಸಕೋಶಗಳಲ್ಲಿ ಸ್ಟ್ಯಾಫಿಲೊಕಾಕಸ್ ಕೀವು ಮತ್ತೆ ಮತ್ತೆ ಬರುತ್ತವೆ. 1966ರಲ್ಲಿ ವರ್ಣಿಸಿದ್ದ ಆ ಕಾಯಿಲೆಯ ಕಾರಣ ಸ್ಟ್ಯಾಟ್-3 ಎಂದು ಗೊತ್ತಾದದ್ದು 2007ರಲ್ಲಿ. ಸೋರಿಯಾಸಿಸ್‌ನಲ್ಲಿ ನಾವು ಔಷಧ ಕೊಟ್ಟು ತಡೆಯುವ ಐಎಲ್-17 ಈ ಮಕ್ಕಳಿಗೆ ಇಲ್ಲದ ಆಸ್ತಿ.

ಔಷಧದ ಮಾತು ಬಂದದ್ದರಿಂದ ಹೇಳುತ್ತೇನೆ. ಬೆಂಗಳೂರಿನ ಬಯೋಕಾನ್ ಸಂಸ್ಥೆ ಕ್ಯೂಬಾದ ಸಂಶೋಧನಾ ಕೇಂದ್ರವೊಂದರ ಜೊತೆ ಬೆಳೆಸಿದ ಇಟೊಲಿಜುಮ್ಯಾಬ್ ಸೋರಿಯಾಸಿಸ್‌ಗೆ 2013ರಲ್ಲಿ ಭಾರತದ ಮಾರುಕಟ್ಟೆಗೆ ಬಂದಿತು. ಅದು ಟಿ ಕೋಶದ ಮೇಲಿನ ಸಿಡಿ6 ಎಂಬ ಪ್ರೋಟೀನನ್ನು ಹಿಡಿದು ಟಿಎಚ್-1, ಟಿಎಚ್-17 ಎರಡರ ಬಿರುಸನ್ನೂ ತಗ್ಗಿಸುತ್ತದೆ.

ಸಂಧಿವಾತವಿರುವ ಓದುಗ:

ನಾನು ವಿಜ್ಞಾನ ಓದಿದವನಲ್ಲ. ಸಂಧಿವಾತಕ್ಕೆ ಒಂದೂವರೆ ವರ್ಷದಿಂದ ಟೊಫಾಸಿಟಿನಿಬ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಬೆಳಿಗ್ಗೆ ಎದ್ದಾಗ ಲೋಟ ಹಿಡಿಯಲಾಗದಿದ್ದ ಕೈ ಈಗ ಅಂಗಿಯ ಗುಂಡಿ ಹಾಕುತ್ತದೆ. ಆದರೆ ಕಳೆದ ಚಳಿಗಾಲದಲ್ಲಿ ಎಡ ಪಕ್ಕೆಯ ಮೇಲೆ ಸರ್ಪಸುತ್ತು ಎದ್ದು ಮೂರು ವಾರ ಮಲಗಲಾಗಲಿಲ್ಲ. ಊರಿನಲ್ಲಿ ಕೆಮ್ಮಣ್ಣು ಹಚ್ಚಲು ಹೇಳಿದರು, ನಾನು ವೈದ್ಯರ ಬಳಿ ಹೋದೆ. ಮಾತ್ರೆಯಿಂದ ಹೀಗಾಗುವ ಸಾಧ್ಯತೆಯಿದೆ ಎಂದು ಶುರು ಮಾಡುವಾಗ ನನಗೆ ಯಾರೂ ಹೇಳಿರಲಿಲ್ಲ. ಇಲ್ಲಿ ಜ್ಯಾಕ್ ಎಂಬ ಹೆಸರು ನೋಡಿ ನನ್ನ ಮಾತ್ರೆಯ ಚೀಟಿಯಲ್ಲಿದ್ದ ಪದ ನೆನಪಾಯಿತು. ಎರಡಕ್ಕೂ ಸಂಬಂಧವಿದೆಯೇ?

ಪ್ರಯೋಗಾಲಯದಿಂದ:

ಸಂಬಂಧವಿದೆ, ಮತ್ತು ನಿಮಗೆ ಮೊದಲೇ ತಿಳಿಸಬೇಕಾಗಿತ್ತು. ಟೊಫಾಸಿಟಿನಿಬ್ ಮುಖ್ಯವಾಗಿ ಜ್ಯಾಕ್-1 ಮತ್ತು ಜ್ಯಾಕ್-3 ಕಿಣ್ವಗಳು ಫಾಸ್ಫೇಟ್ ಹಚ್ಚುವುದನ್ನು ತಡೆಯುತ್ತದೆ. ಇದರ ಹಿಂದೆ ಒಂದು ಸೊಗಸಾದ ತರ್ಕವಿತ್ತು. ಜ್ಯಾಕ್-3 ಜೀನ್ ಕೆಟ್ಟ ಶಿಶುಗಳಿಗೆ ಟಿ ಕೋಶಗಳೇ ಇರುವುದಿಲ್ಲ, ಆದರೆ ಬೇರೆ ಅಂಗಗಳು ಬಹುಮಟ್ಟಿಗೆ ಸರಿಯಾಗಿರುತ್ತವೆ ಎಂದು 1995ರಲ್ಲಿ ತಿಳಿದುಬಂದಿತು. ಹಾಗಿದ್ದರೆ ಈ ಕಿಣ್ವವನ್ನು ಔಷಧದಿಂದ ಅರ್ಧ ತಡೆದು ರೋಗನಿರೋಧಕ ಕೋಶಗಳನ್ನಷ್ಟೇ ತಗ್ಗಿಸಬಹುದಲ್ಲವೇ ಎಂಬ ಆಲೋಚನೆಯಿಂದ ಹೊರಟ ದಾರಿ 2012ರಲ್ಲಿ ಅಮೆರಿಕದಲ್ಲಿ ಸಂಧಿವಾತಕ್ಕೆ ಈ ಔಷಧದ ಅನುಮೋದನೆಗೆ ಮುಟ್ಟಿತು.

ತೊಂದರೆಯೂ ಅಲ್ಲೇ ಇದೆ. ನಾಲ್ಕೇ ಜ್ಯಾಕ್‌ಗಳನ್ನು ಹತ್ತಾರು ಸೈಟೋಕೈನ್‌ಗಳು ಹಂಚಿಕೊಂಡಿರುವುದರಿಂದ ಒಂದನ್ನು ತಡೆದರೆ ಹಲವು ಬಾಗಿಲು ಒಟ್ಟಿಗೆ ಮುಚ್ಚುತ್ತವೆ. ನಿಮ್ಮ ಕೀಲುಗಳಲ್ಲಿ ಐಎಲ್-6ರ ಸಂಕೇತ ತಗ್ಗಿತು, ಅದು ಬೇಕಾಗಿತ್ತು. ಅದರ ಜೊತೆಗೇ ಇಂಟರ್‌ಫೆರಾನ್‌ಗಳ ಸಂಕೇತವೂ ತಗ್ಗಿತು. ಚಿಕ್ಕಂದಿನ ಸೀತಾಳೆ ಸಿಡುಬಿನ ವೈರಸ್ ನರಗಳ ಬುಡದಲ್ಲಿ ಮಲಗಿರುತ್ತದೆ, ಅದನ್ನು ಮಲಗಿಸಿಡುವ ಕಾವಲು ಸಡಿಲವಾದಾಗ ಸರ್ಪಸುತ್ತು ಏಳುತ್ತದೆ. ಮಾತ್ರೆ ಶುರು ಮಾಡುವ ಮೊದಲು ಕ್ಷಯರೋಗದ ಪರೀಕ್ಷೆ ಮಾಡಿಸುವುದಕ್ಕೂ ಇದೇ ಬಗೆಯ ಕಾರಣ. ವಯಸ್ಸಾದವರು, ಧೂಮಪಾನಿಗಳು, ಹೃದ್ರೋಗವಿರುವವರಿಗೆ ಕೆಲವು ಹೆಚ್ಚಿನ ಅಪಾಯಗಳಿವೆಯೆಂದು 2021ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಎಚ್ಚರಿಕೆಯನ್ನು ಬಿಗಿಗೊಳಿಸಿದರು. ಸರ್ಪಸುತ್ತಿಗೆ ಲಸಿಕೆಯಿದೆ, ಅದರ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ. ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ.

ಕೋಶಕ್ಕೆ ತನ್ನದೇ ತಡೆಯಂತ್ರವಿದೆ ಎಂಬುದನ್ನೂ ಉಪನ್ಯಾಸಕಿಯವರು ಸೇರಿಸಿಕೊಳ್ಳಬೇಕು. 1997ರಲ್ಲಿ ಆಸ್ಟ್ರೇಲಿಯಾ ಮತ್ತು ಜಪಾನಿನ ಮೂರು ತಂಡಗಳು ಬೇರೆ ಬೇರೆಯಾಗಿ ಸಾಕ್ಸ್-1 ಪ್ರೋಟೀನನ್ನು ಕಂಡುಹಿಡಿದವು. ಸ್ಟ್ಯಾಟ್‌ಗಳು ಜೀನ್‌ಗಳನ್ನು ಎಬ್ಬಿಸುವಾಗ ಸಾಕ್ಸ್ ಜೀನನ್ನೂ ಎಬ್ಬಿಸುತ್ತವೆ, ತಯಾರಾದ ಸಾಕ್ಸ್ ಹಿಂದಿರುಗಿ ಜ್ಯಾಕ್‌ನ ಕೆಲಸ ನಿಲ್ಲಿಸುತ್ತದೆ. ಸಾಕ್ಸ್-1 ಇಲ್ಲದ ಇಲಿಮರಿಗಳು ಹುಟ್ಟಿ ಮೂರು ವಾರದೊಳಗೆ ಸಾಯುತ್ತವೆ. ಅವುಗಳಿಂದ ಇಂಟರ್‌ಫೆರಾನ್ ಗಾಮಾ ಜೀನನ್ನೂ ತೆಗೆದರೆ ಆ ಎಳೆಯ ಸಾವು ತಪ್ಪುತ್ತದೆ.

ನಮ್ಮ ಊರಿನ ಕೆಲಸವೊಂದನ್ನೂ ಹೇಳಬೇಕೆನಿಸುತ್ತದೆ. ಬೆಂಗಳೂರಿನಲ್ಲಿ ಅಪೂರ್ವ ಸರೀನ್ ಅವರ ತಂಡ ನಾಚ್ ಎಂಬ ಸಂಕೇತ ಪ್ರೋಟೀನ್ ನಿಯಂತ್ರಕ ಟಿ ಕೋಶಗಳಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂದು ಬಹುಕಾಲ ಅಧ್ಯಯನ ಮಾಡಿದೆ. ಸಾಮಾನ್ಯವಾಗಿ ನಾಚ್ ಕೋಶಕೇಂದ್ರಕ್ಕೆ ಹೋಗಿ ಜೀನ್‌ಗಳನ್ನು ಎಬ್ಬಿಸುತ್ತದೆ ಎಂದು ಪುಸ್ತಕಗಳಲ್ಲಿದೆ. ನಿಯಂತ್ರಕ ಕೋಶಗಳಲ್ಲಿ ಅದು ಕೇಂದ್ರದ ಹೊರಗೇ ಉಳಿದು, ಸೈಟೋಕೈನ್ ಕಡಿಮೆಯಾದಾಗ ಕೋಶ ಸಾಯದಂತೆ ಕಾಯುತ್ತದೆ ಎಂದು ಅವರು ತೋರಿಸಿದ್ದಾರೆ. ಐಎಲ್-2ಕ್ಕಾಗಿ ನೆರೆಯವರನ್ನು ನಂಬಿದ ಕೋಶಕ್ಕೆ ಇಂಥ ಆಸರೆ ಎಷ್ಟು ಮುಖ್ಯ ಎಂಬುದು ಈ ಚರ್ಚೆಯ ಮೊದಲ ಪ್ರಶ್ನೆಯಿಂದಲೇ ಗೊತ್ತಾಗುತ್ತದೆ.

ಜೀವಶಾಸ್ತ್ರ ಉಪನ್ಯಾಸಕಿ:

ಇವತ್ತು ತರಗತಿಯಲ್ಲಿ ಇದನ್ನೆಲ್ಲ ಹೇಳಿದೆ. ಫಾಕ್ಸ್‌ಪಿ3 ಹೇಗೆ ಸಿಕ್ಕಿತು ಎಂಬ ಭಾಗವನ್ನು ನಾನೇ ಓದಿ ಸೇರಿಸಿದೆ. 1949ರಲ್ಲಿ ಅಮೆರಿಕದ ಓಕ್ ರಿಜ್ ಪ್ರಯೋಗಾಲಯದಲ್ಲಿ ತಾನಾಗಿ ಕಾಣಿಸಿಕೊಂಡ, ಚರ್ಮ ಹೊಪ್ಪಳಿಸಿ ಎಳವೆಯಲ್ಲೇ ಸಾಯುವ ಸ್ಕರ್ಫಿ ಇಲಿಗಳು. ಅವುಗಳ ದೋಷ ಫಾಕ್ಸ್‌ಪಿ3 ಜೀನಿನಲ್ಲಿದೆ ಎಂದು 2001ರಲ್ಲಿ ಕಂಡುಹಿಡಿದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್. ಅದಕ್ಕೂ ಮೊದಲು 1995ರಲ್ಲಿ ಸಿಡಿ25 ಇರುವ ನಿಯಂತ್ರಕ ಕೋಶಗಳನ್ನು ಗುರುತಿಸಿದ ಸಕಾಗುಚಿ. ಮೂವರಿಗೂ 2025ರ ವೈದ್ಯಕೀಯ ನೊಬೆಲ್ ಬಂದದ್ದು ಮಕ್ಕಳಿಗೆ ಗೊತ್ತಿತ್ತು, ಯಾಕೆಂದು ಗೊತ್ತಿರಲಿಲ್ಲ. ಪ್ರಶ್ನೆ ಕೇಳಿದ ಹುಡುಗಿ ಈಗ ಇನ್ನೊಂದು ಕೇಳಿದ್ದಾಳೆ: ಟಿಎಚ್-17 ಆದ ಕೋಶ ಕೊನೆಯವರೆಗೂ ಟಿಎಚ್-17 ಆಗಿಯೇ ಉಳಿಯುತ್ತದೆಯೇ?

ನಿವೃತ್ತ ಅಧ್ಯಾಪಕ:

ಉಳಿಯಲೇಬೇಕೆಂದಿಲ್ಲ ಎಂದು ಹೇಳಿ. ಐಎಲ್-17 ಜೀನ್ ಒಮ್ಮೆ ಚಾಲೂ ಆದ ಕೋಶಕ್ಕೆ ಶಾಶ್ವತ ಬಣ್ಣ ಹತ್ತುವಂತೆ ಇಲಿಗಳನ್ನು ರೂಪಿಸಿ 2011ರಲ್ಲಿ ಲಂಡನ್ನಿನ ತಂಡವೊಂದು ಅವುಗಳ ಮುಂದಿನ ಬಾಳನ್ನು ಹಿಂಬಾಲಿಸಿತು. ಮಿದುಳುಬಳ್ಳಿಯ ಉರಿಯೂತ ಬರಿಸಿದ ಇಲಿಗಳಲ್ಲಿ ಬಣ್ಣ ಹತ್ತಿದ ಹಲವು ಕೋಶಗಳು ಐಎಲ್-17 ನಿಲ್ಲಿಸಿ ಇಂಟರ್‌ಫೆರಾನ್ ಗಾಮಾ ಸುರಿಸತೊಡಗಿದ್ದವು, ಮತ್ತು ಆ ಬದಲಾವಣೆಗೆ ಐಎಲ್-23 ಬೇಕಾಗಿತ್ತು. ಚರ್ಮದಲ್ಲಿ ಕ್ಯಾಂಡಿಡಾ ಸೋಂಕು ಬರಿಸಿದ ಇಲಿಗಳಲ್ಲಿ ಅದೇ ಬಣ್ಣದ ಕೋಶಗಳು ಸೋಂಕು ಇಳಿದಂತೆ ಐಎಲ್-17ನ್ನು ಸುಮ್ಮನೆ ನಿಲ್ಲಿಸಿದವು, ಬೇರೆ ಕಸುಬಿಗೆ ಹೋಗಲಿಲ್ಲ. ಟಿಪ್ಪಣಿಯಲ್ಲಿ ಬಾಣದ ಗುರುತು ಹಾಕುವಾಗ ಟಿಎಚ್-17ರಿಂದ ಟಿಎಚ್-1ರ ಕಡೆಗೆ ಒಂದು ಚುಕ್ಕೆಗೆರೆಯ ಬಾಣ ಹಾಕಿ, ಅದರ ಮೇಲೆ ಐಎಲ್-23 ಎಂದು ಬರೆಯಿರಿ.